ಕಡಲಿಗೆ ಇಳಿಯೋದಾ, ದೋಣಿ ಹತ್ತೋದಾ?

ರಜೆ ಹತ್ರ ಬಂತು ಅನ್ನೋದು ಪತ್ರಗಳ ರಾಶಿ ನೋಡಿದ್ರೇ ಗೊತ್ತಾಗುತ್ತೆ, ಈ ಸಲ ಬಂದಿದ್ರಲ್ಲಿ ಹೆಚ್ಚಿನವು ಕರಾವಳಿ ಟ್ರಿಪ್ ಬಗ್ಗೇನೇ ಇವೆ, ಅದಕ್ಕೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನಷ್ಟೇ ತಗೊಂಡಿದೀನಿ. ನಾನು ಹುಟ್ಟಿ ಬೆಳೆದಿದ್ದು ಸೀತಾ ನದಿ ದಂಡೆಲಿ, ಹೊಳೆ ಸಮುದ್ರ ಸೇರೋದಕ್ಕೆ ಸ್ವಲ್ಪ ಮೊದಲು, ಸ್ಕೂಲಿಗೆ ದೋಣಿ ದಾಟಿ ಹೋಗ್ತಿದ್ದವಳು. ಹಾಗಾಗಿ ಕೆಲವು ಮಾತು ಖಡಾಖಂಡಿತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಿಸೆಂಬರ್ ಕೊನೆಲಿ ಉಡುಪಿ, ಕುಂದಾಪುರ ಕಡೆ ಹೊರಟಿದೀವಿ. ಒಟ್ಟು 6 ಜನ, ಮಕ್ಕಳಿಗೆ 9 ಮತ್ತು 13 ವರ್ಷ, ಜೊತೆಗೆ 68 ವರ್ಷದ ಅತ್ತೆ. ಮಕ್ಕಳು ಸಮುದ್ರದಲ್ಲಿ ಈಜಲೇಬೇಕು ಅಂತ ಹಟ ಹಿಡಿದಿದಾರೆ. ಈಜೋಕೆ ಸೇಫ್ ಆಗಿರೋ, ಜಾಸ್ತಿ ಜನ ಇಲ್ಲದಿರೋ ಒಂದು ಬೀಚ್ ಹೇಳ್ತೀರಾ? (ಓದುಗರು, ದಾವಣಗೆರೆ)

ಉತ್ತರ: ನೀವು ಕೇಳಿದ ಎರಡೂ ಒಟ್ಟಿಗೆ ಸಿಗಲ್ಲ ಅಮ್ಮಾ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಜನ ಇಲ್ಲದ ಬೀಚ್ ಅಂದ್ರೆ ಲೈಫ್‌ಗಾರ್ಡ್ ಇಲ್ಲದ ಬೀಚ್, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕೂಗಿದ್ರೂ ಕೇಳೋರಿಲ್ಲ. ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿ ಪೂರ್ತಿ ಅರಬ್ಬೀ ಸಮುದ್ರಕ್ಕೆ ಎದೆ ಕೊಟ್ಟು ನಿಂತಿರೋದು, ಅಲೆ ತಡೆಯೋಕೆ ದಡದುದ್ದಕ್ಕೂ ಹವಳದ ದಿಬ್ಬ ಗಿಬ್ಬ ಇಲ್ಲ. ಅದರ ಮೇಲೆ ಘಟ್ಟದಿಂದ ಇಳಿದು ಬರೋ ಹೊಳೆಗಳು ಎಷ್ಟಿವೆ ನೋಡಿ, ನೇತ್ರಾವತಿ, ಸುವರ್ಣಾ, ಸೀತಾ, ವಾರಾಹಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ಇವು ಸಮುದ್ರ ಸೇರೋ ಜಾಗಕ್ಕೆ ನಾವು ಅಳಿವೆ ಅಂತೀವಿ, ಅಳಿವೆ ಆಸುಪಾಸಲ್ಲಿ ನೀರಿನ ಕೆಳಗಿನ ಮರಳು ಒಂದು ಕಡೆ ನಿಲ್ಲೋದೇ ಇಲ್ಲ. ಹೋದ ವರ್ಷ ಮೊಣಕಾಲು ನೀರಿದ್ದ ಕಡೆ ಈ ವರ್ಷ ಆಳುದ್ದ ಇರುತ್ತೆ. ಮಳೆಗಾಲದಲ್ಲಿ ಕಡಲು ದಡದ ಮರಳನ್ನ ಒಳಗೆ ಎಳ್ಕೊಂಡು ಹೋಗಿ ಮಳೆ ಮುಗಿದ ಮೇಲೆ ನಿಧಾನಕ್ಕೆ ವಾಪಸ್ ತಂದು ಹಾಕುತ್ತೆ, ಆದ್ರೆ ಎಲ್ಲಿಂದ ತಗೊಂಡಿತ್ತೋ ಅಲ್ಲಿಗೇ ಹಾಕುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಮಕ್ಕಳ ಆಸೆಗೂ ಒಂದು ದಾರಿ ಇದೆ. ಉಡುಪಿಯಿಂದ ತೆಂಕಿಗೆ ಪಡುಬಿದ್ರಿ, ಬಡಗಿಗೆ ಹೊನ್ನಾವರದ ಹತ್ರ ಕಾಸರಕೋಡು, ಈ ಎರಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಬ್ಲೂ ಫ್ಲ್ಯಾಗ್ ಅಂದ್ರೆ ಬರೀ ಕ್ಲೀನ್ ಅಂತ ಅಲ್ಲ, ನೀರಿಗೆ ಇಳಿಯೋ ಜಾಗ ಗುರುತು ಮಾಡಿರಬೇಕು, ಲೈಫ್‌ಗಾರ್ಡ್ ಇರಬೇಕು. ಅಲ್ಲಿ, ಕೆಂಪು-ಹಳದಿ ಬಾವುಟದ ಮಧ್ಯೆ, ಬೆಳಗ್ಗೆ ಹೊತ್ತು, ನೀವು ಕೈ ಹಿಡ್ಕೊಂಡು ಮೊಣಕಾಲು ನೀರಲ್ಲಿ ಆಡಿಸಿ. ಅದು ಆಟ. ಈಜು ಕಲಿಸೋಕೆ ನಿಮ್ಮೂರ ಪೂಲ್ ಇದೆ.

ಆದ್ರೆ ನಾನು ನಿಜವಾಗಿ ಹೇಳಬೇಕು ಅಂತ ಇರೋದು ಬೇರೆ. ನೀವು ಅಷ್ಟು ದೂರದಿಂದ ಬರ್ತೀರಲ್ಲ, ಬಂದು ಕಡಲ ಕಡೆ ಮುಖ ಮಾಡಿ ನಿಂತು ಫೋಟೋ ತಗೊಂಡು ವಾಪಸ್ ಹೋಗಿಬಿಡ್ತೀರ. ಒಂದು ಸಲ ಬೆನ್ನು ತಿರುಗಿಸಿ ಹಿಂದೆ ನೋಡಿ, ಅಲ್ಲಿ ಹೊಳೆ ಇದೆ! ನಮ್ಮ ಕಡೆ ಚೆಂದ ಇರೋದು ಅಲ್ಲಿ.

ಕೋಡಿ ಬೆಂಗ್ರೆಗೆ ಹೋಗಿ. ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಸುಮಾರು 20 ಕಿ.ಮೀ. ಬೆಂಗ್ರೆ ಅಂದ್ರೆ ಹೊಳೆಗೂ ಕಡಲಿಗೂ ಮಧ್ಯೆ ನಾಲಿಗೆ ಥರ ಚಾಚಿರೋ ಮರಳ ಪಟ್ಟಿ, ಒಂದು ಪಕ್ಕ ಅಲೆ ಹೊಡೀತಿರುತ್ತೆ, ಇನ್ನೊಂದು ಪಕ್ಕ ನೀರು ಕನ್ನಡಿ ಹಾಗೆ ಮಲಗಿರುತ್ತೆ, ನಡುವೆ ರಸ್ತೆ, ತೆಂಗಿನ ಮರ, ಬಲೆ ಒಣಗಿಸಿರೋ ಮನೆಗಳು. ಸುವರ್ಣಾ ಮತ್ತು ಸೀತಾ ಎರಡೂ ಹೊಳೆ ಒಟ್ಟಾಗಿ ಈ ತುದಿಲಿ ಕಡಲು ಸೇರ್ತಾವೆ. ಬೆಳಗ್ಗೆ 7 ಗಂಟೆಗೆ ದೋಣಿ ಹತ್ತಿ. ಚಳಿಗಾಲದಲ್ಲಿ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಸಣ್ಣಗೆ ಬೀಸ್ತಿರುತ್ತೆ, ನೀರು ಅಲ್ಲಾಡಲ್ಲ. ಮಧ್ಯಾಹ್ನ ಆದಮೇಲೆ ಕಡಲ ಗಾಳಿ ಏಳುತ್ತೆ, ಆವಾಗ ಹೊಳೆಲೂ ತರೆ ಬರುತ್ತೆ, ಬಿಸಿಲೂ ಜೋರು, ವಯಸ್ಸಾದವರಿಗೆ ಕಷ್ಟ.

ದೋಣಿಯವರಿಗೆ ಮೊದಲೇ ಹೇಳಿ, ಕಾಂಡ್ಲಾ, ಅಂದ್ರೆ ಉಪ್ಪುನೀರ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್ ಮರಗಳು, ಇರೋ ಕಡೆ ಹೋದಾಗ ಇಂಜಿನ್ ಆಫ್ ಮಾಡಿ, 10 ನಿಮಿಷ ಬಿದಿರಿನ ಜಲ್ಲೆ ಹಾಕಿ ನಡೆಸಿ ಅಂತ. ಇದನ್ನ ಕೇಳಿದ್ರೆ ಅವರಿಗೇ ಖುಷಿ ಆಗುತ್ತೆ. ಇಂಜಿನ್ ನಿಂತ ಕೂಡಲೇ ಮೊದಲು ಕೇಳಿಸೋದು ಕೆಸರಲ್ಲಿ ಏಡಿ ಓಡಾಡೋ ಟಿಕ್ ಟಿಕ್ ಸದ್ದು, ಆಮೇಲೆ ಬೇರಿನ ಸಂದಿಲಿ ನೀರು ನೆಕ್ಕೋ ಸದ್ದು. ಮೇಲೆ ಗರುಡ ಸುತ್ತುತ್ತಿರುತ್ತೆ, ಕೊಂಬೆ ಮೇಲೆ ಮಿಂಚುಳ್ಳಿ. ಇಳಿತದ ಹೊತ್ತಾಗಿದ್ರೆ ಎದೆಮಟ್ಟ ನೀರಲ್ಲಿ ನಿಂತು ಹೆಂಗಸರು ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿರ್ತಾರೆ, ಕಾಲಲ್ಲೇ ಕೆಸರು ತಡಕಿ, ಸಿಕ್ಕಿದ್ದನ್ನ ಮುಳುಗಿ ತೆಗೆದು, ಸೊಂಟಕ್ಕೆ ಹಗ್ಗ ಕಟ್ಕೊಂಡು ತೇಲಿಸಿರೋ ಅಲ್ಯೂಮಿನಿಯಂ ಪಾತ್ರೆಗೆ ಹಾಕ್ತಾ ಹೋಗ್ತಾರೆ. ಆ ಪಾತ್ರೆ ಅವರ ಹಿಂದೆ ಹಿಂದೆನೇ ಬರುತ್ತೆ, ಕರು ಬಂದ ಹಾಗೆ. ನಿಮ್ಮ 9 ವರ್ಷದ ಮಗುಗೆ ಅದನ್ನ ತೋರಿಸಿ, ಈಜು ಗೀಜು ಎಲ್ಲ ಮರ್ತುಹೋಗುತ್ತೆ.

ಅತ್ತೆಯವರಿಗೆ ಕಟ್ಟೆಯಿಂದ ನೇರ ಕಾಲಿಡೋ ಹಾಗಿರೋ ಅಗಲದ ದೋಣಿ ಕೇಳಿ, ನೀರಿಗಿಳಿದು ಹತ್ತೋದು ಬೇಡ. ಸಣ್ಣ ಪಾತಿ ದೋಣಿ ಎಷ್ಟು ಚೆಂದ ಕಂಡ್ರೂ ಅದು ಅಭ್ಯಾಸ ಇರೋರಿಗೆ, ಒಬ್ಬರು ಎದ್ದು ನಿಂತ್ರೆ ಸಾಕು ಮಗುಚುತ್ತೆ.

ಇನ್ನು ಲೈಫ್ ಜಾಕೆಟ್. ಇದನ್ನ ನನ್ನ ಅನುಭವದಿಂದ ಹೇಳ್ತೀನಿ. ಕೆಲವು ವರ್ಷದ ಹಿಂದೆ ನೆಂಟರ ಜೊತೆ ಒಂದು ಕಡೆ ಬೋಟಿಗೆ ಹೋಗಿದ್ದೆ, ಊರು, ಹೆಸರು ಬೇಡ, ದೋಣಿ ಬಿಟ್ಟು ಸುಮಾರು ದೂರ ಹೋದಮೇಲೆ ನೋಡ್ತೀನಿ, ನನ್ನ ತಂಗಿ ಮಗಳ ಜಾಕೆಟ್‌ನ ಬಕಲ್ ಮುರಿದಿದೆ, ದಾರದಲ್ಲಿ ಗಂಟು ಹಾಕಿದಾರೆ, ಅದೂ ದೊಡ್ಡೋರ ಸೈಜು, ಕೈ ಮೇಲೆತ್ತಿದ್ರೆ ಮಗು ಕೆಳಗಿಂದ ಜಾರಿ ಹೊರಗೆ. ಎಣಿಸಿದ್ರೆ ಹೇಳಿದ್ದಕ್ಕಿಂತ 5 ಜನ ಜಾಸ್ತಿ ಹತ್ತಿಸಿದಾರೆ. ನಾನು ಕರಾವಳಿಯವಳೇ ಆಗಿದ್ದೂ ಹತ್ತೋ ಮೊದಲು ನೋಡಿರಲಿಲ್ಲ, ಆ ಅರ್ಧ ಗಂಟೆ ಮಗುನ ತೊಡೆ ಮೇಲಿಂದ ಇಳಿಸಲಿಲ್ಲ. ಏನೂ ಆಗಲಿಲ್ಲ, ಆದ್ರೆ ಆ ಸಂಕಟ ಇವತ್ತಿಗೂ ಹೋಗಿಲ್ಲ. ಅದಕ್ಕೇ ಹೇಳೋದು, ದಡದಲ್ಲೇ ಜಾಕೆಟ್ ಹಾಕಿ, ಬಕಲ್ ಹಾಕಿ, ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆದು ನೋಡಿ, ಗದ್ದದ ತನಕ ಏರಿದ್ರೆ ಅದು ಸೈಜ್ ಅಲ್ಲ, ಬೇರೆ ಕೇಳಿ, ಬೇರೆ ಇಲ್ಲ ಅಂದ್ರೆ ಆ ದೋಣಿ ಹತ್ತಬೇಡಿ. ಸೆಕೆ ಆಗುತ್ತೆ ಅಂತ ಮಧ್ಯದಲ್ಲಿ ಬಿಚ್ಚೋದಂತೂ ಬೇಡವೇ ಬೇಡ.

ಪ್ರಶ್ನೆ: ನಾನು 10 ವರ್ಷದಿಂದ ಸ್ವಿಮ್ಮಿಂಗ್ ಮಾಡ್ತಿದೀನಿ, ಒಂದೇ ಸಮ 1 ಕಿ.ಮೀ. ಈಜ್ತೀನಿ. ಮಲ್ಪೆಯಲ್ಲಿ ಲೈಫ್‌ಗಾರ್ಡ್ ಸೊಂಟದ ಮಟ್ಟಕ್ಕೇ ಸೀಟಿ ಹೊಡೆದು ವಾಪಸ್ ಕರೆದ್ರು. ಈಜು ಬರೋರಿಗೂ ಇದೇ ರೂಲ್ಸ್ ಯಾಕೆ? (ಓದುಗರು, ಬೆಂಗಳೂರು)

ಉತ್ತರ: ನಿಮಗೆ ಈಜು ಬರುತ್ತೆ ಅನ್ನೋದ್ರಲ್ಲಿ ಡೌಟ್ ಇಲ್ಲ. ಆದ್ರೆ ಪೂಲ್‌ನಲ್ಲಿ ನೀರು ನಿಂತಿರುತ್ತೆ, ನೀವು ಹೋಗ್ತೀರ, ಇಲ್ಲಿ ನೀರೇ ಹೋಗ್ತಿರುತ್ತೆ. ಅಲೆ ಒಂದರ ಹಿಂದೆ ಒಂದು ಬಂದು ದಡದ ಹತ್ರ ನೀರು ತುಂಬಿಸ್ತಾ ಇರುತ್ತೆ, ಆ ನೀರು ವಾಪಸ್ ಹೋಗಲೇಬೇಕಲ್ಲ, ಅದು ಮರಳ ದಿಬ್ಬದ ಮಧ್ಯೆ ಎಲ್ಲಿ ತಗ್ಗು ಸಿಗುತ್ತೋ ಅಲ್ಲಿಂದ ಸಣ್ಣ ಹೊಳೆ ಥರ ಒಳಗಡೆ ನುಗ್ಗುತ್ತೆ. ಇಂಗ್ಲಿಷಲ್ಲಿ ರಿಪ್ ಕರೆಂಟ್ ಅಂತಾರೆ, ನಮ್ಮಲ್ಲಿ ಸೆಳೆತ. ಮೋಸ ಏನು ಗೊತ್ತಾ, ಸೆಳೆತ ಇರೋ ಕಡೆ ಅಲೆ ಒಡೆಯಲ್ಲ, ಅಕ್ಕಪಕ್ಕ ಬಿಳಿ ನೊರೆ ಇದ್ದು ಮಧ್ಯೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತೆ, ಹೊರಗಿನಿಂದ ಬಂದೋರು ಇಲ್ಲಿ ಅಲೆ ಕಮ್ಮಿ ಇದೆ ಅಂತ ಸರಿಯಾಗಿ ಅಲ್ಲೇ ಇಳೀತಾರೆ. ಜೋರಿನ ಸೆಳೆತ ಸೆಕೆಂಡಿಗೆ 2 ಮೀಟರ್ ತನಕ ಹೋಗಬಹುದು, ಒಲಿಂಪಿಕ್ಸ್ ಈಜುಗಾರರಿಗೂ ಅದಕ್ಕೆ ಎದುರು ಈಜಿ ದಡ ಮುಟ್ಟೋದು ಕಷ್ಟ.

ಒಂದು ವೇಳೆ ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ಈಜಬೇಡಿ, ಸುಸ್ತಾಗಿ ಮುಳುಗೋದು ಅದರಿಂದಾನೇ. ಸೆಳೆತ ನಿಮ್ಮನ್ನ ಕೆಳಕ್ಕೆ ಎಳೆಯಲ್ಲ, ಆಚೆಗೆ ಒಯ್ಯುತ್ತೆ ಅಷ್ಟೇ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಗೊಳ್ಳಿ, ಕೈ ಎತ್ತಿ ಬೀಸಿ, ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಒಂದು ಪಕ್ಕಕ್ಕೆ ಈಜಿ, ನೊರೆ ಅಲೆ ಇರೋ ಕಡೆ ತಲುಪಿದಮೇಲೆ ಆ ಅಲೆ ಜೊತೆ ದಡಕ್ಕೆ ಬನ್ನಿ. ಇದನ್ನ ಓದೋದು ಸುಲಭ, ಉಪ್ಪುನೀರು ಮೂಗಿಗೆ ಹೋಗ್ತಿರುವಾಗ ನೆನಪಾಗೋದು ಕಷ್ಟ, ಆ ಲೈಫ್‌ಗಾರ್ಡ್‌ಗೆ ಅದು ಗೊತ್ತು. ಅವರಲ್ಲಿ ಸುಮಾರು ಜನ ಮೀನುಗಾರರ ಮನೆ ಹುಡುಗರೇ, ಅವತ್ತಿನ ನೀರಿನ ಬಣ್ಣ ನೋಡಿ ಸೀಟಿ ಹೊಡೀತಾರೆ. ಸೀಟಿ ಕೇಳಿದ್ರೆ ಬಂದುಬಿಡಿ ಸರ್. ನಿಮ್ಮ ತೋಳಿನ ಶಕ್ತಿಗೆ ಸರಿಯಾದ ಕೆಲಸ ಬೇಕಂದ್ರೆ ಸಾಲಿಗ್ರಾಮದ ಹತ್ರ ಸೀತಾ ಹಿನ್ನೀರಲ್ಲಿ ಕಯಾಕ್ ಮಾಡಿಸ್ತಾರೆ, ಭರತಕ್ಕೆ, ಅಂದ್ರೆ ಉಬ್ಬರದ ನೀರಿಗೆ, ಎದುರಾಗಿ ಒಂದು ಗಂಟೆ ಹುಟ್ಟು ಹಾಕಿ ನೋಡಿ, ರಾತ್ರಿ ಒಳ್ಳೇ ನಿದ್ದೆ ಬರುತ್ತೆ.

ಪ್ರಶ್ನೆ: ಉಬ್ಬರ, ಇಳಿತ ನೋಡ್ಕೊಂಡು ಹೋಗಿ ಅಂತ ಎಲ್ರೂ ಹೇಳ್ತಾರೆ. ಬಯಲುಸೀಮೆಯವರಾದ ನಮಗೆ ಅದು ಹೇಗೆ ಗೊತ್ತಾಗಬೇಕು? (ಓದುಗರು, ಹುಬ್ಬಳ್ಳಿ)

ಉತ್ತರ: ತುಂಬ ಒಳ್ಳೇ ಪ್ರಶ್ನೆ, ಇದನ್ನ ಕೇಳೋರೇ ಕಮ್ಮಿ. ಉಬ್ಬರಕ್ಕೆ ನಾವು ಭರತ ಅಂತೀವಿ. ದಿನಕ್ಕೆ ಎರಡು ಭರತ, ಎರಡು ಇಳಿತ, ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದ್ರೆ ಇವತ್ತು ಬೆಳಗ್ಗೆ 9ಕ್ಕೆ ಭರತ ತುಂಬಿದ್ರೆ ನಾಳೆ ಹೆಚ್ಚುಕಮ್ಮಿ 9.50ಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಮ್ಮಿ. ಮನೆಲಿ ಪಂಚಾಂಗ ಇದ್ರೆ ಅರ್ಧ ಕೆಲಸ ಆಯ್ತು, ಮೊಬೈಲಲ್ಲಿ ಟೈಡ್ ಟೇಬಲ್ ಅಂತ ಹುಡುಕಿ ಮಲ್ಪೆ ಅಥವಾ ಕಾರವಾರ ಹಾಕಿದ್ರೆ ಗಂಟೆನೂ ಸಿಗುತ್ತೆ.

ಇದು ದೋಣಿಗೆ ಯಾಕೆ ಮುಖ್ಯ ಅಂದ್ರೆ, ಭರತ ಇದ್ದಾಗ ಕಾಂಡ್ಲಾ ಸಂದಿಯ ಸಣ್ಣ ಸಣ್ಣ ತೋಡಿನ ಒಳಗೂ ದೋಣಿ ಹೋಗುತ್ತೆ, ಇಳಿತದಲ್ಲಿ ಅಲ್ಲೆಲ್ಲ ಬರೀ ಕೆಸರು, ದೋಣಿ ಕೂತುಬಿಡುತ್ತೆ, ಮತ್ತೆ ನೀರು ಬರೋ ತನಕ ಕಾಯ್ಬೇಕು. ನಾನಂತೂ ಭರತ ಏರ್ತಾ ಇರೋ ಹೊತ್ತನ್ನೇ ಆರಿಸೋದು, ನೀರು ಹೊಳೆ ಒಳಗಡೆ ಬರ್ತಿರುತ್ತೆ, ಅಕಸ್ಮಾತ್ ಇಂಜಿನ್ ಕೆಟ್ಟರೂ ದೋಣಿ ತೇಲ್ಕೊಂಡು ಊರ ಕಡೆಗೇ ಹೋಗುತ್ತೆ. ಇಳಿತದಲ್ಲಿ ಹಾಗಲ್ಲ, ಹೊಳೆ ನೀರೂ ಇಳಿತದ ನೀರೂ ಸೇರಿ ಅಳಿವೆ ಕಡೆ ಓಡುತ್ತೆ, ಎದುರಿನಿಂದ ಕಡಲ ಅಲೆ ಬರುತ್ತೆ, ಎರಡೂ ಗುದ್ದಿಕೊಂಡು ಅಳಿವೆ ಬಾಗಿಲಲ್ಲಿ ನೀರು ಎದ್ದು ನಿಲ್ಲುತ್ತೆ. ದೊಡ್ಡ ದೊಡ್ಡ ಮೀನುಗಾರಿಕೆ ಬೋಟ್‌ಗಳು ಆಳ ಸಮುದ್ರದಲ್ಲಿ ವಾರಗಟ್ಟಲೆ ಇದ್ದು ಬಂದು, ಮನೆ ಕಾಣ್ತಿರೋ ಅಳಿವೆಲಿ ಮಗುಚಿದ್ದಿದೆ. ನಮ್ಮಜ್ಜಿ ಒಂದೇ ಮಾತು ಹೇಳ್ತಿದ್ರು, "ನೀರ್ ಇಳೂಕೆ ಶುರುವಾಯ್ತ್ ಅಂದ್ರೆ ಅಳ್ವಿ ಬದಿಗ್ ಹೋಪುಕಾಗ ಮಕ್ಳೆ", ಅಂದ್ರೆ ನೀರು ಇಳಿಯೋಕೆ ಶುರುವಾದ್ರೆ ಅಳಿವೆ ಕಡೆ ಹೋಗಬಾರದು ಅಂತ. ದೋಣಿಯವರಿಗೆ ದುಡ್ಡು ಜಾಸ್ತಿ ಕೊಡ್ತೀವಿ, ಅಳಿವೆ ತನಕ ಕರ್ಕೊಂಡು ಹೋಗಿ ಡಾಲ್ಫಿನ್ ತೋರಿಸಿ ಅಂತ ಒತ್ತಾಯ ಮಾಡೋರು ಇದನ್ನ ಎರಡು ಸಲ ಓದಿ.

ಪ್ರಶ್ನೆ: ನಮ್ಮ ಹೈಸ್ಕೂಲಿನ 45 ಮಕ್ಕಳನ್ನ ಮುರುಡೇಶ್ವರ, ಗೋಕರ್ಣ ಟೂರಿಗೆ ಕರ್ಕೊಂಡು ಹೋಗ್ತಿದೀವಿ, 4 ಜನ ಟೀಚರ್ಸ್. ಮಕ್ಕಳು ಸಮುದ್ರನೇ ನೋಡಿಲ್ಲ. ಏನೇನು ಜಾಗ್ರತೆ ಬೇಕು? (ಒಬ್ಬ ಶಿಕ್ಷಕಿ, ಕಲಬುರಗಿ ಜಿಲ್ಲೆ)

ಉತ್ತರ: ಮೇಡಂ, 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಟೂರಿಗೆ ಬಂದಿದ್ದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ನೀರುಪಾಲಾದರು. ಆ ಮಕ್ಕಳೂ ನಿಮ್ಮ ಮಕ್ಕಳ ವಯಸ್ಸಿನವರೇ. ಅದನ್ನ ನೆನೆಸ್ಕೊಂಡ್ರೆ ಈಗಲೂ ಕೈ ನಡುಗುತ್ತೆ, ಅದಕ್ಕೆ ನಿಮಗೆ ನನ್ನ ಉತ್ತರ ನೇರವಾಗಿದೆ, 45 ಮಕ್ಕಳನ್ನ 4 ಜನ ನೀರಿನ ಹತ್ರ ನೋಡ್ಕೊಳ್ಳೋಕೆ ಆಗಲ್ಲ, ಸಮುದ್ರಕ್ಕೆ ಇಳಿಸಲೇಬೇಡಿ. ಪಾದ ಒದ್ದೆ ಆಗ್ಲಿ ಅಂತ ಬಿಟ್ಟರೂ ಹಿಂದಿನಿಂದ ತಳ್ಳೋ ಮಕ್ಕಳು ಇರ್ತಾರೆ, ಮೊದಲ ಸಲ ಸಮುದ್ರ ಕಂಡ ಖುಷಿಲಿ ಮಾತು ಕಿವಿಗೆ ಹೋಗಲ್ಲ.

ಸಮುದ್ರ ನೋಡದ ಮಕ್ಕಳಿಗೆ ನೀರು ತೋರಿಸಬೇಕು ಅನ್ನೋ ನಿಮ್ಮ ಆಸೆ ದೊಡ್ಡದು, ಅದನ್ನ ಹೊನ್ನಾವರದಲ್ಲಿ ತೀರಿಸಿ, ಮುರುಡೇಶ್ವರದಿಂದ ಗೋಕರ್ಣಕ್ಕೆ ಹೋಗೋ ದಾರಿಲೇ ಸಿಗುತ್ತೆ. ಶರಾವತಿ ದಂಡೆಲಿ ಕಾಂಡ್ಲಾ ಕಾಡಿನ ಒಳಗೇ ಮರದ ಹಲಗೆ ದಾರಿ ಮಾಡಿದಾರೆ, ಮಕ್ಕಳು ಕಾಲು ಒದ್ದೆ ಮಾಡದೆ ನಡ್ಕೊಂಡು ಹೋಗಿ ಬೇರು, ಏಡಿ, ಕೆಸರಿನ ಮೇಲೆ ಜಿಗಿಯೋ ಮೀನು ಎಲ್ಲ ನೋಡಬಹುದು. ಅದು ಮುಗಿದಮೇಲೆ ಹಿನ್ನೀರಿನ ಬೋಟಿಗೆ ಸಣ್ಣ ಸಣ್ಣ ತಂಡ ಮಾಡಿ ಕಳಿಸಿ, ಪ್ರತಿ ಬೋಟಲ್ಲಿ ಒಬ್ಬ ಟೀಚರ್, ಇಬ್ಬರು ದಡದಲ್ಲೇ ಉಳಿದವರ ಜೊತೆ. ಹತ್ತೋವಾಗ ಎಣಿಸಿ, ಇಳಿಯೋವಾಗ ಎಣಿಸಿ. ಇದೇ ಶರಾವತಿ ಮೇಲೆ ಜೋಗದಲ್ಲಿ ಬಿದ್ದು ಇಲ್ಲಿಗೆ ಬರೋದು ಅಂತ ಹೇಳಿ, ಮಕ್ಕಳ ಮುಖ ನೋಡಿ ಹೇಗೆ ಅರಳುತ್ತೆ ಅಂತ.

ಇನ್ನೆರಡು ವಿಷಯ ಬಸ್ಸಲ್ಲೇ ಹೇಳ್ಕೊಡಿ. ಯಾರಾದ್ರೂ ಮುಳುಗ್ತಿದ್ರೆ ಹಿಂದೆನೇ ಹಾರಬಾರದು, ಒಬ್ಬರನ್ನ ಎಳೆಯೋಕೆ ಹೋಗಿ ಮೂರು ನಾಲ್ಕು ಜನ ಹೋಗೋದು ಹೀಗೇ. ಖಾಲಿ ನೀರಿನ ಕ್ಯಾನು, ಹಗ್ಗ, ದುಪಟ್ಟಾ, ಏನಿದೆಯೋ ಅದನ್ನ ಎಸೆದು ಕಿರುಚಬೇಕು. 112 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಬೇಕು. ಮೇಲೆ ತಂದಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗೆ ಮಾಡಿ ಗಿರಗಿರ ತಿರುಗಿಸೋದು, ಇದೆಲ್ಲ ಬೇಡ, ಅದರಿಂದ ಇರೋ ಸಮಯನೂ ಹೋಗುತ್ತೆ. ಉಸಿರಿಲ್ಲ ಅಂದ್ರೆ ಬಾಯಿಗೆ ಬಾಯಿಟ್ಟು ಉಸಿರು, ಎದೆ ಒತ್ತೋದು, ಆಂಬುಲೆನ್ಸ್ ಬರೋ ತನಕ ನಿಲ್ಲಿಸದೆ. ನಿಮ್ಮ 4 ಜನರಲ್ಲಿ ಒಬ್ಬರಾದ್ರೂ ಹೊರಡೋ ಮುಂಚೆ ಹತ್ತಿರದ ಆಸ್ಪತ್ರೆಲಿ ಕೇಳಿ ಕಲಿತು ಬನ್ನಿ.

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋದಾ, ನೇತ್ರಾಣಿಗಾ? ಒಂದೇ ದಿನ ಇರೋದು. (ಹೊಸದಾಗಿ ಮದುವೆಯಾದ ಜೋಡಿ, ಮೈಸೂರು)

ಉತ್ತರ: ಒಂದೇ ದಿನ ಅಂದ್ರೆ ಸೇಂಟ್ ಮೇರೀಸ್. ಮಲ್ಪೆಯಿಂದ ಬೋಟಲ್ಲಿ ಅರ್ಧ ಗಂಟೆ ಒಳಗೆ. ಅಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ, ಮತ್ತೆ ಆ ಕಲ್ಲಿನ ಕಂಬಗಳು, ಯಾರೋ ಕೂತು ಕೆತ್ತಿದ ಹಾಗೆ ಐದು ಮೂಲೆ ಆರು ಮೂಲೆ, ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆ ಆಗೋ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರಿದಿದ್ದು. ಕಂಬದ ಮೇಲೆ ಕೈಯಿಟ್ಟು ಪಡುವಣಕ್ಕೆ ನೋಡಿ, ಆ ಕಡೆಯ ನೆಲ ಈಗ ಸಾವಿರಾರು ಕಿ.ಮೀ. ಆಚೆ ಇದೆ. ಬೆಳಗಿನ ಮೊದಲ ಬೋಟೇ ಹಿಡೀರಿ. ನೀರಿನಂಚಿನ ಬಂಡೆ ಮೇಲೆ ಫೋಟೋಗೆ ಅಂತ ಹತ್ತಬೇಡಿ, ಪಾಚಿ ಕಟ್ಟಿರುತ್ತೆ, ಕೆಳಗೆ ಎಷ್ಟು ಆಳ ಅಂತ ಕಾಣಲ್ಲ, ದ್ವೀಪದಲ್ಲಿ ಸಾವಾಗಿರೋದು ಹೆಚ್ಚಾಗಿ ಹೀಗೇ. ನೇತ್ರಾಣಿ ಮುರುಡೇಶ್ವರದಿಂದ ಬೋಟಲ್ಲಿ ದೂರ, ಸ್ಕೂಬಾ ಮಾಡೋ ಮನಸ್ಸಿದ್ರೆ ಅದಕ್ಕೇ ಅಂತ ಇನ್ನೊಂದು ಸಲ ಬನ್ನಿ, ಅಲ್ಲಿ ನೀರಿಗೆ ಇಳಿಸೋರು ಟ್ರೈನಿಂಗ್ ಆದವರು, ಪಕ್ಕದಲ್ಲೇ ಇರ್ತಾರೆ.

ಪ್ರಶ್ನೆ: ಬೋಟಲ್ಲಿ ತಲೆ ಸುತ್ತಿ ವಾಂತಿ ಬರುತ್ತೆ. ಪರಿಹಾರ? (ಓದುಗರು, ತುಮಕೂರು)

ಉತ್ತರ: ಹೊಳೆ ದೋಣಿಲಿ ಸಾಮಾನ್ಯವಾಗಿ ಬರಲ್ಲ, ದ್ವೀಪಕ್ಕೆ ಹೋಗುವಾಗ ಬರುತ್ತೆ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ತಿನ್ನಿ, ಎಣ್ಣೆ ಪದಾರ್ಥ ಬೇಡ. ಬೋಟಿನ ಮಧ್ಯಕ್ಕೆ ಕೂತು ದೂರದ ದಡನೋ ಬಾನಂಚೋ ನೋಡ್ತಾ ಇರಿ, ಮೊಬೈಲ್ ನೋಡಿದ್ರೆ ಕೆಟ್ಟಿರಿ. ಬಾಯಲ್ಲಿ ಶುಂಠಿ ಚೂರು ಇಟ್ಕೊಳ್ಳಿ. ಮಾತ್ರೆ ಬೇಕಿದ್ರೆ ಡಾಕ್ಟರ್ ಕೇಳಿ, ಹತ್ತೋ ಮೊದಲೇ ತಗೋಬೇಕು.

ಪ್ರಶ್ನೆ: ನಾನು ಬೈಂದೂರಿನವನು, ಶಾರ್ಜಾದಲ್ಲಿ ಕೆಲಸ. ಜುಲೈನಲ್ಲಿ ಮಾತ್ರ ರಜೆ. ನನ್ನ ಮಕ್ಕಳಿಗೆ ಇಲ್ಲಿನ ಶಾಂತ ಸಮುದ್ರ ಗೊತ್ತು, ಊರಿನದ್ದು ಗೊತ್ತಿಲ್ಲ. ಮಳೆಗಾಲದಲ್ಲಿ ದೋಣಿ ಸಿಗುತ್ತಾ? (ಓದುಗರು, ಶಾರ್ಜಾ)

ಉತ್ತರ: ಸಿಗಲ್ಲ, ಸಿಕ್ಕಿದ್ರೂ ಹತ್ತಬೇಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಯಾಂತ್ರಿಕ ಬೋಟ್‌ಗಳೇ ಕಡಲಿಗೆ ಇಳಿಯಲ್ಲ, ದ್ವೀಪದ ಬೋಟೂ ಬಂದ್, ಮಲ್ಪೆ ಬೀಚಿಗೆ ಬಲೆ ಕಟ್ಟಿ ನೀರಿಗೆ ಇಳಿಯದ ಹಾಗೆ ಮಾಡಿರ್ತಾರೆ. ಆದ್ರೆ ನಿಮ್ಮ ಮಕ್ಕಳಿಗೆ ಜುಲೈ ಕಡಲು ತೋರಿಸಿ ಅಂತಾನೇ ನಾನು ಹೇಳೋದು. ಮರವಂತೆಗೆ ಕರ್ಕೊಂಡು ಹೋಗಿ, ಹೆದ್ದಾರಿಯ ಒಂದು ಪಕ್ಕ ಕಡಲು ಬೂದಿ ಬಣ್ಣಕ್ಕೆ ತಿರುಗಿ ಕಲ್ಲಿಗೆ ಅಪ್ಪಳಿಸ್ತಿರುತ್ತೆ, ಇನ್ನೊಂದು ಪಕ್ಕ ಸೌಪರ್ಣಿಕಾ ಕೆಂಪಾಗಿ ತುಂಬಿ ಹರೀತಿರುತ್ತೆ, ಕಡಲಿಗೆ ಇಷ್ಟು ಹತ್ರ ಬಂದೂ ಸೇರದೆ ತಿರುಗಿಕೊಂಡು ಗಂಗೊಳ್ಳಿ ತನಕ ಹೋಗಿ ಅಲ್ಲಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಜೊತೆ ಪಂಚಗಂಗಾವಳಿಯಾಗಿ ಸೇರುತ್ತೆ. ಕಾರಿನ ಒಳಗೇ ಕೂತು ಗ್ಲಾಸ್ ಸ್ವಲ್ಪ ಇಳಿಸಿ ಆ ಸದ್ದು ಕೇಳಿಸಿ. ರಜೆ ಆಗಸ್ಟಿಗೆ ಜಾರೋ ಹಾಗಿದ್ರೆ ನೂಲ ಹುಣ್ಣಿಮೆ ನೋಡಿ ಬನ್ನಿ, ಮೀನುಗಾರರು ಹಾಲು, ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡೋದನ್ನ ಮಕ್ಕಳು ನೋಡಲಿ.

ಒಂದು ವಿಷಯ ಮರೆಯೋ ಮೊದಲು ಹೇಳ್ತೀನಿ, ಬೇಸಿಗೆಲಿ ಬರೋರಿಗೂ. ಏಪ್ರಿಲ್, ಮೇನಲ್ಲಿ ಆಕಾಶ ಶುಭ್ರ ಇದ್ದು, ಗಾಳಿನೂ ಇಲ್ಲದೆ ಇದ್ದಕ್ಕಿದ್ದ ಹಾಗೆ ಕಡಲು ಏರಿ ದಡಕ್ಕೆ ನುಗ್ಗೋದಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಬಂದು ಮುಟ್ಟೋದು ಅದು. ಕೇರಳದವರು ಕಳ್ಳಕ್ಕಡಲ್ ಅಂತಾರೆ, ಕಳ್ಳನ ಹಾಗೆ ಬರೋ ಕಡಲು, 2012ರಲ್ಲಿ ಯುನೆಸ್ಕೋ ಕೂಡ ಆ ಹೆಸರನ್ನೇ ಒಪ್ಪಿಕೊಂಡಿತು. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಮುಂಚೆನೇ ಎಚ್ಚರಿಕೆ ಕೊಡುತ್ತೆ, ಹೊರಡೋ ಹಿಂದಿನ ದಿನ ನ್ಯೂಸ್ ನೋಡಿ.

ಪ್ರಶ್ನೆ: ನಮ್ಮ ಮನೆಯವರದ್ದು ದೋಣಿ ಇದೆ, ರಜೆ ದಿನ ಟೂರಿಸ್ಟ್‌ಗಳನ್ನ ಕರ್ಕೊಂಡು ಹೋಗ್ತಾರೆ. ಬರೋರು ಚಿಪ್ಸ್ ಪ್ಯಾಕೆಟ್, ಬಾಟ್ಲಿ ಎಲ್ಲ ಹೊಳೆಗೇ ಬಿಸಾಕ್ತಾರೆ, ಸ್ಪೀಕರ್ ಹಾಕ್ತಾರೆ, ಕುಡಿದು ಬರ್ತಾರೆ, ಬೇಡ ಅಂದ್ರೆ ಬೇರೆ ದೋಣಿಗೆ ಹೋಗ್ತೀವಿ ಅಂತಾರೆ. ನಿಮ್ಮ ಅಂಕಣದಲ್ಲಿ ಒಂದು ಮಾತು ಬರೀತೀರಾ? (ಓದುಗರು, ಗಂಗೊಳ್ಳಿ)

ಉತ್ತರ: ತಂಗಿ, ನಿನ್ನ ಪತ್ರನೇ ಹಾಗೇ ಹಾಕಿದೀನಿ, ಅದಕ್ಕಿಂತ ಚೆನ್ನಾಗಿ ನಾನು ಬರೆಯೋಕಾಗಲ್ಲ. ಓದೋರಿಗೆ ನಾನು ಸೇರಿಸೋದಿಷ್ಟೇ, ನೀವು ಎಸೆದ ಪ್ಯಾಕೆಟ್ ಇಳಿತದಲ್ಲಿ ಕಡಲಿಗೆ ಹೋಗಿ ಭರತದಲ್ಲಿ ವಾಪಸ್ ಬಂದು ಕಾಂಡ್ಲಾ ಬೇರಿಗೆ ಸುತ್ಕೊಳ್ಳುತ್ತೆ, ಆ ಬೇರಿನ ಸಂದಿಲೇ ಮೀನು, ಸಿಗಡಿ ಮರಿಗಳು ಬೆಳೆಯೋದು, ಸಂಜೆ ನೀವು ಹೋಟೆಲಲ್ಲಿ ಘೀ ರೋಸ್ಟ್ ಮಾಡಿಸ್ಕೊಂಡು ತಿನ್ನೋದು ಅದೇ ಸಿಗಡಿ. ಕುಡಿದಿದ್ರೆ ದೋಣಿ ಕಟ್ಟೆಗೂ ಬರಬೇಡಿ. ಕುಡಿದವರನ್ನ ಹತ್ತಿಸಲ್ಲ ಅಂತ ಹೇಳೋ ದೋಣಿಯವರು ಸಿಕ್ಕಿದ್ರೆ ಅವರ ದೋಣಿನೇ ಹತ್ತಿ, ಅವರು ನಿಮ್ಮ ಮಕ್ಕಳನ್ನೂ ಹಾಗೇ ನೋಡ್ಕೊಳ್ತಾರೆ. ನಿಮ್ಮ ಮನೆಯವರಿಗೆ ಹೇಳು, ಬೇಡ ಅನ್ನೋದನ್ನ ನಿಲ್ಲಿಸೋದು ಬೇಡ ಅಂತ.

ಪ್ರಶ್ನೆ: ನನಗೆ 11 ವರ್ಷ. ನಾವು ಹೊನ್ನಾವರದಲ್ಲಿ ಬೋಟಲ್ಲಿ ಹೋದಾಗ ಒಂದು ಮರದಿಂದ ಹಸಿರು ನುಗ್ಗೆಕಾಯಿ ಥರದ್ದು ನೀರಿಗೆ ಬಿತ್ತು. ಬೋಟ್ ಅಂಕಲ್ ತೆಗೆದು ಕೊಟ್ಟರು. ಮನೆಗೆ ತಂದಿದೀನಿ. ಅದು ಏನು? ಬದುಕುತ್ತಾ? (ಒಬ್ಬ ಪುಟ್ಟ ಓದುಗ, ಚಿತ್ರದುರ್ಗ)

ಉತ್ತರ: ಪುಟ್ಟಾ, ಅದು ಕಾಯಿ ಅಲ್ಲ, ಗಿಡದ ಮರಿ! ಕಾಂಡ್ಲಾ ಮರ ಬೀಜನ ಹಾಗೇ ಉದುರಿಸಲ್ಲ, ಉಪ್ಪು ಕೆಸರಲ್ಲಿ ಬೀಜ ಮೊಳೆಯೋದು ಕಷ್ಟ ಅಂತ ತನ್ನ ಕೊಂಬೆಲೇ ಇಟ್ಕೊಂಡು ಮೊಳಕೆ ಬರಿಸಿ, ಒಂದು ಮೊಳ ಉದ್ದ ಬೆಳೆಸಿ ಆಮೇಲೆ ಕೆಳಗೆ ಬಿಡುತ್ತೆ. ಇಳಿತ ಇದ್ದಾಗ ಬಿದ್ರೆ ಚೂಪು ತುದಿ ಕೆಸರಿಗೆ ಚುಚ್ಚಿ ಅಲ್ಲೇ ನಿಲ್ಲಬಹುದು, ಭರತ ಇದ್ದಾಗ ಬಿದ್ರೆ ತೇಲ್ಕೊಂಡು ವಾರಗಟ್ಟಲೆ ಬೇರೆ ಊರಿಗೆ ಹೋಗುತ್ತೆ. ನಿನ್ನದು ಬೋಟ್ ಹತ್ತಿ ಬಸ್ ಹತ್ತಿ ಚಿತ್ರದುರ್ಗಕ್ಕೇ ಬಂದಿದೆ.

ಬದುಕುತ್ತೆ. ಒಂದು ಎತ್ತರದ ಲೋಟದಲ್ಲಿ ಮೂರು ನಾಲ್ಕು ಬೆರಳು ನೀರು ಹಾಕಿ ಚೂಪು ತುದಿ ಕೆಳಗೆ ಬರೋ ಹಾಗೆ ನಿಲ್ಲಿಸು, ಉಪ್ಪು ಹಾಕೋದೇನೂ ಬೇಡ, ಸಿಹಿನೀರಲ್ಲೂ ಕೆಲವು ತಿಂಗಳು ಚೆನ್ನಾಗೇ ಇರುತ್ತೆ. ಕಿಟಕಿ ಹತ್ರ ಬೆಳಕಿಗೆ ಇಡು, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸು. ಮೊದಲು ಕೆಳಗೆ ಬಿಳಿ ಬೇರು ಬರುತ್ತೆ, ಆಮೇಲೆ ತುದಿಲಿ ಎರಡು ಎಲೆ. ಎಲೆ ಬಂದಮೇಲೆ ನನಗೆ ಬರಿ. ಮುಂದಿನ ಸಲ ನೀವು ಹೊನ್ನಾವರಕ್ಕೆ ಬರುವಾಗ ಅದನ್ನ ಒದ್ದೆ ಬಟ್ಟೆಲಿ ಸುತ್ತಿ ತಗೊಂಡು ಬಾ, ಇಳಿತದ ಹೊತ್ತಿಗೆ ಅದೇ ಬೋಟ್ ಅಂಕಲ್‌ಗೆ ಹೇಳಿದ್ರೆ ಜಾಗ ತೋರಿಸ್ತಾರೆ, ಕೆಸರಲ್ಲಿ ಒಂದು ಗೇಣು ಆಳಕ್ಕೆ ಊರಿಬಿಡು.